ಊರಿಗೆಲ್ಲ ಕೇಳಿಸುತ್ತಿದ್ದ ಡಾಕ್ಟರ್ ಮಾತು

ಈ ವಾರದ ಕಥೆ ಒಂದು ಕಾಲಿನ ಗಾಯದಿಂದ ಶುರುವಾಗುತ್ತೆ, ಹಿಮದ ನಾಡಿಗೆ ಹೋಗುತ್ತೆ, ಅಲ್ಲಿಂದ ಆಕಾಶಕ್ಕೆ ಹಾರಿ ಕಲಬುರಗಿ ಕಡೆ ಇಳಿಯುತ್ತೆ. ಸ್ವಲ್ಪ ಸುತ್ತು ದಾರಿ. ಬಸ್ಸಲ್ಲಿದ್ರೆ ಹೆಡ್‌ಫೋನ್ ಹಾಕ್ಕೊಂಡು ಆರಾಮಾಗಿ ಕೂತ್ಕೊಳ್ಳಿ.

ಹೋದ ದೀಪಾವಳಿಗೆ ಅಜ್ಜಿ ಊರಿಗೆ ಹೋಗಿದ್ದೆ. ಅಜ್ಜಿಗೆ ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳ ಪಕ್ಕ ಒಂದು ಗಾಯ ಆಗಿತ್ತು, ಹದಿನೈದು ದಿನ ಕಳೆದ್ರೂ ಮಾಯ್ದಿರಲಿಲ್ಲ. ಊರಲ್ಲೇ ಒಂದು ಆರೋಗ್ಯ ಉಪಕೇಂದ್ರ ಇದೆ, ಅಲ್ಲಿ ಒಬ್ಬರು ಸಿಎಚ್‌ಒ, ಅಂದ್ರೆ ಸಮುದಾಯ ಆರೋಗ್ಯ ಅಧಿಕಾರಿ ಇದ್ದಾರೆ. ಊರಿನವರಿಗೆ ಈ ಉದ್ದದ ಹೆಸರೆಲ್ಲ ಬೇಡ, ಎಲ್ಲರೂ ‘ಸಿಸ್ಟರ್’ ಅಂತಾರೆ. ನಾನೂ ಹಾಗೇ ಕರೀತೀನಿ. ಸಿಸ್ಟರ್ ಗಾಯ ತೊಳೆದ್ರು, ಬೆರಳು ಚುಚ್ಚಿ ಸಕ್ಕರೆ ನೋಡಿದ್ರು, ಆಮೇಲೆ ಟ್ಯಾಬ್ಲೆಟ್ ತೆಗೆದು ಯಾವುದೋ ಊರಿನ ಡಾಕ್ಟರಿಗೆ ವಿಡಿಯೋ ಕಾಲ್ ಹಾಕಿದ್ರು.

ಡಾಕ್ಟರ್ ಪರದೆ ಮೇಲೆ ಬಂದ್ರು. ನೇರವಾಗಿ ಅಜ್ಜಿಗೆ, “ಏನಮ್ಮ, ಏನ್ ತೊಂದ್ರೆ?” ಅಂದ್ರು. ನಮ್ಮಜ್ಜಿ ಇದ್ದಾಳಲ್ಲ, ದೊಡ್ಡವರು ಯಾರಾದ್ರೂ ಹೇಗಿದೀಯ ಅಂದ್ರೆ ಚೆನ್ನಾಗಿದೀನಿ ಅನ್ನಬೇಕು ಅಂತ ಕಲಿತವಳು. “ಏನಿಲ್ಲ ಸ್ವಾಮಿ, ನಿಮ್ಮ ದಯೆಯಿಂದ ಚೆನ್ನಾಗಿದೀನಿ” ಅಂದ್ಬಿಟ್ಲು! ಕಾಲ್ ಮುಗಿಯೋಕೆ ಮೂರು ನಿಮಿಷಾನೂ ಹಿಡೀಲಿಲ್ಲ. ಗಾಯ ಯಾವಾಗ ಆಯ್ತು, ಬೆರಳಿಗೆ ಸ್ಪರ್ಶ ಗೊತ್ತಾಗುತ್ತಾ ಇಲ್ವಾ, ಸೋಮವಾರ ಉಪವಾಸ ಅಂತ ಮಾತ್ರೆ ಬಿಡ್ತಾಳೆ ಅನ್ನೋದು, ಇದೆಲ್ಲ ಸಿಸ್ಟರಿಗೆ ಗೊತ್ತಿತ್ತು. ಯಾರೂ ಅವರನ್ನ ಕೇಳಲಿಲ್ಲ. ಅವರು ಅಷ್ಟೂ ಹೊತ್ತು ಟ್ಯಾಬ್ಲೆಟ್ ಹಿಡ್ಕೊಂಡು ನಿಂತಿದ್ರು, ಸೆಲ್ಫಿ ಸ್ಟಿಕ್ ಥರ. ಕಾಲ್ ಕಟ್ ಆದ್ಮೇಲೆ ಅಜ್ಜಿ ಅವರ ಕಡೆ ತಿರುಗಿ, “ಅವರು ಹೇಳಿದ್ದು ಇರ್ಲಿ, ನೀನೇನ್ ಹೇಳ್ತೀಯ ಮಗಾ?” ಅಂದ್ಲು.

ಡಾಕ್ಟರನ್ನ ದೂರೋಕೆ ನಾನು ಈ ಕಥೆ ಹೇಳ್ತಿಲ್ಲ. ಅವರ ಹಿಂದೆ ಕ್ಯೂ ಎಷ್ಟಿತ್ತೋ. ಆದ್ರೆ ಸಿಸ್ಟರನ್ನ ಆಮೇಲೆ ಕೇಳಿದೆ, ಇದಕ್ಕೆ ನಿಮಗೆ ಟ್ರೈನಿಂಗ್ ಕೊಟ್ಟಿದ್ರಾ ಅಂತ. “ಕೊಟ್ರು, ಒಂದು ದಿನ. ಲಾಗಿನ್ ಹೇಗೆ, ಫೋಟೋ ಅಪ್‌ಲೋಡ್ ಹೇಗೆ, ಕಾಲ್ ಎಂಡ್ ಮಾಡೋಕೆ ಎಲ್ಲಿ ಒತ್ತಬೇಕು.” ಡಾಕ್ಟರ್ ಹತ್ರ ಏನು ಮಾತಾಡ್ಬೇಕು, ಹೇಗೆ ಹೇಳ್ಬೇಕು ಅಂತ? ಅವರು ನಕ್ಕು ಸುಮ್ಮನಾದ್ರು.

ಆ ನಗು ತಲೆಯಲ್ಲಿ ಉಳ್ಕೊಂಡ್ತು. ವಾಪಸ್ ಬಂದು ಹುಡುಕ್ತಾ ಕೂತೆ. ದೂರದ ಡಾಕ್ಟರ್, ಹತ್ತಿರದ ಆರೋಗ್ಯ ಕಾರ್ಯಕರ್ತೆ, ನಡುವೆ ಒಂದು ತಂತಿಯೋ ತರಂಗವೋ. ಈ ಮೂರನ್ನೂ ಜೋಡಿಸೋದು ಹೇಗೆ ಅಂತ ಮೊದಲು ಕಲಿತವರು ಯಾರು? ಟೆಲಿಮೆಡಿಸಿನ್ ಅಂದ್ರೆ ಕೊರೊನಾ ಕಾಲದ್ದು ಅಂತ ನಮ್ಮಲ್ಲಿ ತುಂಬಾ ಜನ ಅನ್ಕೊಂಡಿದೀವಿ. ನನಗೆ ಸಿಕ್ಕಿದ ಕಥೆ 1950ರ ದಶಕದ್ದು. ಜಾಗ, ಅಮೆರಿಕದ ಅಲಾಸ್ಕಾ.

ಅಲಾಸ್ಕಾ ಎಷ್ಟು ದೊಡ್ಡದು ಅಂದ್ರೆ, ಅದರೊಳಗೆ ಹತ್ತಿರ ಹತ್ತಿರ ಒಂಬತ್ತು ಕರ್ನಾಟಕ ಹಿಡಿಸುತ್ತೆ. 1950ರಲ್ಲಿ ಅಲ್ಲಿದ್ದ ಜನ ಸುಮಾರು 1.28 ಲಕ್ಷ. ನಮ್ಮ ಒಂದು ಸಣ್ಣ ತಾಲೂಕಿನಷ್ಟು. ಮೂಲನಿವಾಸಿಗಳ ಹಳ್ಳಿಗಳಿಗೆ ರಸ್ತೆ ಇಲ್ಲ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ನಾಯಿ ಎಳೆಯೋ ಸ್ಲೆಜ್, ಆಕಾಶ ಒಪ್ಪಿದ್ರೆ ಸಣ್ಣ ವಿಮಾನ. ನೈಋತ್ಯಕ್ಕೆ ಕಸ್ಕೊಕ್ವಿಮ್ ಅಂತ ಒಂದು ನದಿ, ಅದರ ದಂಡೆಯಲ್ಲಿ ಬೆಥೆಲ್ ಅನ್ನೋ ಊರು, ಅಲ್ಲೊಂದು ಆಸ್ಪತ್ರೆ. ಸುತ್ತಲಿನ ಹಳ್ಳಿಗಳ ಯೂಪಿಕ್ ಜನಕ್ಕೆ ಅದೇ ದೊಡ್ಡಾಸ್ಪತ್ರೆ.

ಆ ಕಾಲಕ್ಕೆ ಅಲ್ಲಿ ಕ್ಷಯರೋಗ ಅಂದ್ರೆ ಯಮ. ಅಲಾಸ್ಕಾದ ಮೂಲನಿವಾಸಿಗಳಲ್ಲಿ ಸಾಯ್ತಿದ್ದ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಕ್ಷಯದಿಂದಲೇ ಸಾಯ್ತಿದ್ದ ವರ್ಷಗಳಿದ್ವು. ಸ್ಯಾನಿಟೋರಿಯಂಗಳಲ್ಲಿ ಹಾಸಿಗೆ ಇಲ್ಲ. ಹಾಸಿಗೆ ಸಿಕ್ಕವರನ್ನ ಸಾವಿರಾರು ಮೈಲಿ ದೂರದ ಸಿಯಾಟಲ್‌ವರೆಗೂ ಕಳಿಸ್ತಿದ್ರು, ಮಕ್ಕಳನ್ನೂ ಸೇರಿಸಿ. 1952ರಲ್ಲಿ ಐಸೋನಿಯಾಜಿಡ್ ಅನ್ನೋ ಮಾತ್ರೆ ಬಂತು. ಮನೆಯಲ್ಲೇ ಇದ್ದು ನುಂಗಬಹುದಾದ ಔಷಧಿ. ಆದ್ರೆ ದಿನಾ ತಪ್ಪದೆ, ತಿಂಗಳುಗಟ್ಟಲೆ ನುಂಗಬೇಕು. ನುಂಗಿದ್ರಾ ಇಲ್ವಾ ಅಂತ ನೋಡೋರು ಯಾರು?

ಅದಕ್ಕೆ ಪ್ರತಿ ಹಳ್ಳಿಯಲ್ಲಿ ಒಬ್ಬರನ್ನ ಆರಿಸಿದ್ರು. ಹೆಚ್ಚಿನವರು ಹೆಂಗಸರು, ಅದೇ ಊರಿನವರು, ಊರಿನ ಭಾಷೆ ಆಡೋರು. ಬಹಳ ಜನಕ್ಕೆ ಸಂಬಳವೇ ಇರಲಿಲ್ಲ. ನಮ್ಮ ಆಶಾ ಕಾರ್ಯಕರ್ತೆಯರು ಯಾರಾದ್ರೂ ಇದನ್ನ ಕೇಳ್ತಿದ್ರೆ, ಹೌದು, ನೀವು ಅನ್ಕೊಂಡಿದ್ದು ಸರಿ. ಎಪ್ಪತ್ತು ವರ್ಷದಲ್ಲಿ ಕೆಲವು ವಿಷಯ ಬದಲಾಗೇ ಇಲ್ಲ. ಅದೇ ಬೆಥೆಲ್ ಸುತ್ತ ಜಾರ್ಜ್ ಕಾಮ್‌ಸ್ಟಾಕ್ ಅನ್ನೋ ಸಂಶೋಧಕರು ಇದೇ ಮಾತ್ರೆ ರೋಗ ಬರದಂತೆ ತಡೆಯುತ್ತಾ ಅಂತ ದೊಡ್ಡ ಪ್ರಯೋಗ ಮಾಡಿದ್ರು. ಮಾತ್ರೆ ಕ್ಷೇಮ ಅಂತ ನಂಬಿಕೆ ಬರಲಿ ಅಂತ ತಾವೂ ನುಂಗಿದ್ರು, ಮನೆಯವರಿಗೂ ನುಂಗಿಸಿದ್ರು. ನಂಬಿಕೆಯನ್ನ ಸುತ್ತೋಲೆಯಿಂದ ತರಿಸೋಕಾಗಲ್ಲ ಅನ್ನೋದು ಆ ಮನುಷ್ಯನಿಗೆ ಗೊತ್ತಿತ್ತು ಅನ್ಸುತ್ತೆ.

ಈಗ ತರಂಗದ ವಿಷಯಕ್ಕೆ ಬರೋಣ. ಮಾತ್ರೆ ಕೊಡ್ತಿದ್ದ ಈ ಹೆಂಗಸರ ಹತ್ರ ನಿಧಾನವಾಗಿ ಬೇರೆ ಕಾಯಿಲೆಯವರೂ ಬರೋಕೆ ಶುರುವಾದ್ರು. ಜ್ವರ, ಹೆರಿಗೆ, ಕೊಡಲಿ ಏಟು, ಮಗುವಿನ ಕಿವಿ ಸೋರೋದು. ಡಾಕ್ಟರನ್ನ ಕೇಳೋಕೆ ಇದ್ದದ್ದು ಶಾರ್ಟ್‌ವೇವ್ ರೇಡಿಯೋ. ದಿನದಲ್ಲಿ ಒಂದು ಗೊತ್ತಾದ ಹೊತ್ತಿಗೆ ಆಸ್ಪತ್ರೆಯ ಡಾಕ್ಟರ್ ಒಂದೊಂದೇ ಹಳ್ಳಿಯನ್ನ ಕೂಗ್ತಾ ಬರ್ತಿದ್ರು. ನಿಮ್ಮಲ್ಲಿ ಯಾರಿಗೇನು? ಸರಿ, ಮುಂದಿನ ಹಳ್ಳಿ. ಉತ್ತರ ಧ್ರುವದ ಆಕಾಶದಲ್ಲಿ ಬಣ್ಣದ ಬೆಳಕು ಕುಣಿಯುತ್ತಲ್ಲ, ಅರೋರಾ, ನಾವೆಲ್ಲ ಇನ್‌ಸ್ಟಾದಲ್ಲಿ ನೋಡಿ ಆಹಾ ಅಂತೀವಿ. ಅದನ್ನು ಎಬ್ಬಿಸೋ ಸೂರ್ಯನ ಗಲಾಟೆಯೇ ಈ ರೇಡಿಯೋ ತರಂಗವನ್ನೂ ಕೆಡಿಸುತ್ತೆ. ಸತತ ಕೆಲವು ದಿನ ಬರೀ ಗೊರಗೊರ ಸದ್ದು. ಆ ದಿನಗಳಲ್ಲಿ ಅವಳು ಒಬ್ಬಳೇ.

ಇನ್ನೊಂದು ತೊಂದರೆ ಇತ್ತು. ರೇಡಿಯೋ ಆನ್ ಮಾಡಿದ ಯಾರಿಗೆ ಬೇಕಾದ್ರೂ ಎಲ್ಲವೂ ಕೇಳಿಸ್ತಿತ್ತು. ಯಾರಿಗೆ ಗರ್ಭ ನಿಂತಿದೆ, ಯಾರಿಗೆ ಗುಪ್ತರೋಗ, ಯಾರು ಕುಡಿದು ಬಿದ್ದು ಕೈ ಮುರ್ಕೊಂಡ್ರು, ಪಕ್ಕದ ಹತ್ತು ಹಳ್ಳಿಗೂ ಗೊತ್ತು. ಇದನ್ನ ನೆನಪಿಟ್ಕೊಳ್ಳಿ, ಇದಕ್ಕೆ ವಾಪಸ್ ಬರ್ತೀನಿ.

ಆ ರೇಡಿಯೋ ಮುಂದೆ ಕೂತ ಹೆಂಗಸು ಏನೇನು ಕಲೀಬೇಕಿತ್ತು ಅಂತ ಯೋಚಿಸಿ. ಗುಂಡಿ ಒತ್ತೋದು ಹತ್ತು ನಿಮಿಷದ ಪಾಠ. ಆದ್ರೆ ರೋಗಿ ಯೂಪಿಕ್ ಭಾಷೆಯಲ್ಲಿ ‘ಹೊಟ್ಟೆಯಲ್ಲಿ ಏನೋ ತಿರುಗ್ತಿದೆ’ ಅಂತ ಹೇಳಿದ್ದನ್ನ ಇಂಗ್ಲಿಷಿನಲ್ಲಿ, ಕಾಣದ ಡಾಕ್ಟರಿಗೆ, ಸಾಲು ಹಿಡಿದು ಹೇಳ್ಬೇಕು: ವಯಸ್ಸೆಷ್ಟು, ಯಾವಾಗಿಂದ, ಎಲ್ಲಿ ನೋವು, ಒತ್ತಿದ್ರೆ ಏನಾಗುತ್ತೆ, ಜ್ವರ ಎಷ್ಟು, ನಾಡಿ ಎಷ್ಟು. ಡಾಕ್ಟರಿಗೆ ಕಣ್ಣಿಲ್ಲ, ಕೈ ಇಲ್ಲ. ಇವಳ ಕಣ್ಣು, ಇವಳ ಬೆರಳೇ ಅವರದ್ದು. ಇವಳು ತಪ್ಪು ಹೇಳಿದ್ರೆ ಅವರು ತಪ್ಪು ಔಷಧಿ ಹೇಳ್ತಾರೆ. ಅದೂ ಅಕ್ಕಪಕ್ಕದ ಊರಿನವರೆಲ್ಲ ಕೇಳಿಸಿಕೊಳ್ತಿರುವಾಗ. ಕಾಲೇಜಲ್ಲಿ ನನ್ನ ಮೊದಲ ಸೆಮಿನಾರ್‌ನಲ್ಲಿ ನಾಲ್ಕು ಸ್ಲೈಡ್ ಓದೋಕೇ ನನ್ನ ಗಂಟಲು ಒಣಗಿತ್ತು.

1968ರಲ್ಲಿ ಅಮೆರಿಕದ ಸಂಸತ್ತು ಇವರಿಗೆ ಹಣ ಕೊಡೋಕೆ ಒಪ್ಪಿತು. ‘ಕಮ್ಯುನಿಟಿ ಹೆಲ್ತ್ ಏಡ್’ ಅನ್ನೋದು ಅಧಿಕೃತ ಕೆಲಸ ಆಯ್ತು. ಈ ಕಾರ್ಯಕ್ರಮ ಬೆಳೆಸಿಕೊಂಡ ತರಬೇತಿಯ ರೀತಿ ನನಗೆ ಬಹಳ ಇಷ್ಟವಾದ ಭಾಗ. ಒಂದೇ ಸಲ ಎರಡು ವರ್ಷ ಕೂಡಿ ಹಾಕಿ ಕಲಿಸಲ್ಲ. ನಾಲ್ಕು ಕಂತು. ಮೂರು ನಾಲ್ಕು ವಾರ ತರಬೇತಿ ಕೇಂದ್ರದಲ್ಲಿ, ಆಮೇಲೆ ಊರಿಗೆ ಹೋಗಿ ತಿಂಗಳುಗಟ್ಟಲೆ ಕೆಲಸ, ಮತ್ತೆ ಬಂದು ಮುಂದಿನ ಕಂತು. ಕೈಯಲ್ಲಿ ಒಂದು ದಪ್ಪ ಕೈಪಿಡಿ. ರೋಗಿ ಕೆಮ್ಮು ಅಂದ್ರೆ ಈ ಪ್ರಶ್ನೆ ಕೇಳು, ಇದನ್ನ ಪರೀಕ್ಷೆ ಮಾಡು, ಇಂಥದ್ದು ಕಂಡ್ರೆ ತಕ್ಷಣ ಡಾಕ್ಟರಿಗೆ ಹೇಳು. ಈ ಕಡೆ ಅವಳು ಅದೇ ಪುಸ್ತಕದ ಸಾಲಿನಲ್ಲಿ ಹೇಳ್ತಾಳೆ, ಆ ಕಡೆ ಡಾಕ್ಟರ್ ಅದೇ ಸಾಲಿನಲ್ಲಿ ಕೇಳ್ತಾರೆ. ಅಂದ್ರೆ ಡಾಕ್ಟರೂ ಕಲೀಬೇಕು. ದೊಡ್ಡ ಊರಿಂದ ಹೊಸದಾಗಿ ಬಂದ ಯುವ ಡಾಕ್ಟರ್, ಎಂಬಿಬಿಎಸ್ ಥರದ್ದು ಏನೂ ಓದದ ಹಳ್ಳಿ ಹೆಂಗಸಿನ ಮಾತು ನಂಬಿ ಔಷಧಿ ಬರೀಬೇಕಲ್ವಾ? ಅದಕ್ಕೂ ಅಭ್ಯಾಸ ಬೇಕು. ‘ಆರೋಗ್ಯ ಕಾರ್ಯಕರ್ತರು ಟೆಲಿಹೆಲ್ತ್ ಒಪ್ಪಿಕೊಳ್ತಿಲ್ಲ’ ಅಂತ ವರದಿಗಳಲ್ಲಿ ಬರೀತಾರೆ. ಟೆಲಿಹೆಲ್ತ್ ಅವರನ್ನ ಒಪ್ಪಿಕೊಂಡಿದೆಯಾ ಅಂತ ಕೇಳೋರು ಕಡಿಮೆ.

1971. ಇಲ್ಲಿಂದ ಕಥೆ ಆಕಾಶಕ್ಕೆ ಹೋಗುತ್ತೆ. ನಾಸಾ 1966ರ ಡಿಸೆಂಬರಿನಲ್ಲಿ ಹಾರಿಸಿದ್ದ ಎಟಿಎಸ್-1 ಅನ್ನೋ ಪ್ರಯೋಗದ ಉಪಗ್ರಹ ಪೆಸಿಫಿಕ್ ಸಾಗರದ ಮೇಲೆ ನಿಂತಿತ್ತು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಲಿಸ್ಟರ್ ಹಿಲ್ ಕೇಂದ್ರ ಅದನ್ನ ಬಳಸ್ಕೊಂಡು ಅಲಾಸ್ಕಾದ 26 ಜಾಗಗಳಿಗೆ ಧ್ವನಿ ಸಂಪರ್ಕ ಕೊಟ್ಟಿತು. ವಿಡಿಯೋ ಇಲ್ಲ, ಬರೀ ಮಾತು. ಆದ್ರೆ ಅರೋರಾ ಬಂದ್ರೂ ಲೈನ್ ಕೆಡೋದು ನಿಂತಿತು. ಟನಾನಾ ಅನ್ನೋ ಊರಿನ ಆಸ್ಪತ್ರೆಯ ಡಾಕ್ಟರ್ ದಿನಾ ತಪ್ಪದೆ ಲೈನಿಗೆ ಬರ್ತಿದ್ರು. ಹೆದರ್ ಹಡ್ಸನ್ ಮತ್ತು ಎಡ್ವಿನ್ ಪಾರ್ಕರ್ ಅನ್ನೋ ಸ್ಟ್ಯಾನ್‌ಫರ್ಡ್ ಸಂಶೋಧಕರು ಇದನ್ನ ಅಧ್ಯಯನ ಮಾಡಿ 1973ರಲ್ಲಿ ಪ್ರಕಟಿಸಿದ್ರು. ಡಾಕ್ಟರ್ ಜೊತೆ ಮಾತಾಡೋಕೆ ಸಿಗೋ ದಿನಗಳು ಗಟ್ಟಿಯಾಗಿ ಹೆಚ್ಚಾಗಿದ್ವು.

ಈಗ ನೆನಪಿಟ್ಕೊಳ್ಳಿ ಅಂದಿದ್ನಲ್ಲ, ಎಲ್ಲರಿಗೂ ಕೇಳಿಸೋ ವಿಷಯ. ಉಪಗ್ರಹದ ಲೈನೂ ಹಂಚಿಕೊಂಡ ಲೈನೇ. ಒಂದು ಹಳ್ಳಿಯ ಹೆಲ್ತ್ ಏಡ್ ಮಾತಾಡ್ತಿದ್ರೆ ಉಳಿದ ಹಳ್ಳಿಯವರು ತಮ್ಮ ಸರದಿಗೆ ಕಾಯ್ತಾ ಕೇಳಿಸ್ಕೊಳ್ತಿದ್ರು. ಸಂಶೋಧಕರು ಗಮನಿಸಿದ್ದು ಏನಂದ್ರೆ, ಹಾಗೆ ಕೇಳಿಸ್ಕೊಳ್ತಾನೇ ಅವರು ಕಲೀತಿದ್ರು. ಆ ಊರಿನ ಮಗುವಿಗೆ ಉಸಿರಾಟ ಹೀಗಿತ್ತು, ಡಾಕ್ಟರ್ ಈ ಮೂರು ಪ್ರಶ್ನೆ ಕೇಳಿದ್ರು, ಆಮೇಲೆ ಹೀಗೆ ಮಾಡು ಅಂದ್ರು. ಮುಂದಿನ ವಾರ ನನ್ನ ಊರಲ್ಲಿ ಅಂಥದ್ದೇ ಮಗು ಬಂದ್ರೆ, ಡಾಕ್ಟರ್ ಕೇಳೋಕೆ ಮುಂಚೆಯೇ ಆ ಮೂರಕ್ಕೂ ಉತ್ತರ ನನ್ನ ಹತ್ರ ಇರುತ್ತೆ. ಪಕ್ಕದ ಊರಿನವಳೂ ತಡವರಿಸ್ತಾಳೆ, ಅವಳಿಗೂ ಗೊತ್ತಾಗಲ್ಲ, ಡಾಕ್ಟರ್ ಅವಳಿಗೂ ಬೈಯಲ್ಲ ಅಂತ ಗೊತ್ತಾದ್ರೆ ಭಯ ಅರ್ಧ ಕಮ್ಮಿ. ಯಾರೂ ಸಿಲೆಬಸ್ ಬರೆದಿರಲಿಲ್ಲ. ದಿನಾ ಒಂದು ಕ್ಲಾಸ್ ನಡೀತಿತ್ತು.

ಇದನ್ನ ಚಂದದ ಕಥೆ ಮಾಡೋಕೆ ನಾನು ತಯಾರಿಲ್ಲ. ಆ ಕ್ಲಾಸಿನ ಫೀಸು ಕಟ್ಟಿದವರು ರೋಗಿಗಳು. ತನ್ನ ಗುಟ್ಟು ಹತ್ತೂರಿಗೆ ಗೊತ್ತಾಗುತ್ತೆ ಅಂತ ಯಾವುದೋ ಹುಡುಗಿ ಕ್ಲಿನಿಕ್ಕಿಗೇ ಬರದೆ ಉಳಿದಿರಬಹುದು. ಅಂಥವಳ ಲೆಕ್ಕ ಯಾವ ಅಧ್ಯಯನದಲ್ಲೂ ಬರಲ್ಲ. ಎರಡೂ ನಿಜ, ಎರಡನ್ನೂ ಒಟ್ಟಿಗೆ ಹಿಡ್ಕೋಬೇಕು.

ಮುಂದೆ 1974ರಲ್ಲಿ ಎಟಿಎಸ್-6 ಬಂತು. ದೊಡ್ಡ ಛತ್ರಿ ಥರದ ಆಂಟೆನಾ ಇದ್ದ, ಆ ಕಾಲಕ್ಕೆ ಭಾರೀ ಶಕ್ತಿಯ ಉಪಗ್ರಹ. ಈಗ ವಿಡಿಯೋ ಸಾಧ್ಯ. ಅಲಾಸ್ಕಾದ ಫೋರ್ಟ್ ಯೂಕಾನ್ ಮತ್ತು ಗಲೀನಾ ಅನ್ನೋ ಊರುಗಳ ಕ್ಲಿನಿಕ್ಕಿಗೆ ಟೀವಿ, ಕ್ಯಾಮೆರಾ ಬಂತು. ಸುಮಾರು ಒಂದು ವರ್ಷ ನಡೀತು. ಅಧ್ಯಯನ ಹೇಳಿದ್ದು ಕೇಳಿದ್ರೆ ಇವತ್ತಿನ ಆ್ಯಪ್ ಕಂಪನಿಗಳಿಗೆ ಬೇಜಾರಾಗಬಹುದು: ವಿಡಿಯೋ ಇದ್ದದ್ದರಿಂದಲೇ ನಿರ್ಣಾಯಕ ವ್ಯತ್ಯಾಸ ಆಗೋದು ನೂರರಲ್ಲಿ ಐದರಿಂದ ಹತ್ತು ಕೇಸಿನಲ್ಲಿ. ಮಿಕ್ಕಿದ್ದಕ್ಕೆ ಒಳ್ಳೆಯ ಧ್ವನಿ ಲೈನು, ಆ ಕಡೆ ಚೆನ್ನಾಗಿ ವಿವರಿಸೋ ಮನುಷ್ಯ ಇದ್ರೆ ಸಾಕು.

1975ರಲ್ಲಿ ಆ ಉಪಗ್ರಹವನ್ನ ಅಲ್ಲಿಂದ ಸರಿಸಿದ್ರು. ಎಲ್ಲಿಗೆ ಗೊತ್ತಾ? ನಮ್ಮ ಕಡೆಗೆ.

ಹೌದು, ಅದೇ ಎಟಿಎಸ್-6. ಪೂರ್ವ ಆಫ್ರಿಕಾದ ಮೇಲೆ ತಂದು ನಿಲ್ಲಿಸಿದ್ರು, ಭಾರತ ಅದರ ಕಣ್ಣಿಗೆ ಬಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಇಸ್ರೋ ಮತ್ತು ನಾಸಾ ಸೇರಿ ‘ಸೈಟ್’ ಅನ್ನೋ ಪ್ರಯೋಗ ನಡೆಸಿದವು. ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರ ಟೀವಿ. ಕರ್ನಾಟಕದ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ವು. ಕೋಳಿ ಗೂಡಿನ ಜಾಲರಿಯಲ್ಲಿ ಮಾಡಿದ ಹತ್ತು ಅಡಿ ಆಂಟೆನಾ, ಕೆಳಗೆ ಒಂದು ಟೀವಿ, ಮುಂದೆ ಊರಿಗೆ ಊರೇ. ಕನ್ನಡ ಕಾರ್ಯಕ್ರಮಗಳು ತಯಾರಾಗ್ತಿದ್ದದ್ದು ಹೈದರಾಬಾದಿನಲ್ಲಿ. ಬೆಳಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ: ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ರಜೆಯಲ್ಲಿ ಸುಮಾರು 50,000 ಪ್ರಾಥಮಿಕ ಶಾಲೆ ಮೇಷ್ಟ್ರುಗಳಿಗೆ ವಿಜ್ಞಾನ ಕಲಿಸೋ ತರಬೇತಿಯೂ ಇದರ ಮೂಲಕ ಆಯ್ತು. ಸಣ್ಣ ಸಾಧನೆ ಅಲ್ಲ. ನಿಮ್ಮ ಮನೆಯಲ್ಲಿ ಆ ಕಡೆಯ ಹಿರಿಯರಿದ್ರೆ ಕೇಳಿ ನೋಡಿ, ಮೊದಲ ಟೀವಿ ಯಾವಾಗ ನೋಡಿದ್ರು ಅಂತ.

ಆದ್ರೆ ಒಂದು ವ್ಯತ್ಯಾಸ. ಅಲಾಸ್ಕಾದ ಹಳ್ಳಿ ಹೆಂಗಸು ಆ ಉಪಗ್ರಹದ ಮೂಲಕ ಮಾತಾಡಿದ್ಲು. ನಮ್ಮ ಹಳ್ಳಿಯವರು ನೋಡಿದ್ರು. ರಾಯಚೂರಿನ ಯಾವುದೋ ಹಳ್ಳಿಯ ದಾಯಿ, ಟೀವಿಯಲ್ಲಿ ಹೆರಿಗೆ ಬಗ್ಗೆ ಹೇಳ್ತಿದ್ದವರಿಗೆ ‘ಅಕ್ಕಾ, ನಮ್ಮೂರಲ್ಲಿ ನೀರೇ ಇಲ್ಲ, ಕೈ ಎಲ್ಲಿ ತೊಳೀಲಿ?’ ಅಂತ ವಾಪಸ್ ಕೇಳೋಕೆ ದಾರಿ ಇರಲಿಲ್ಲ. ಒಂದೇ ಉಪಗ್ರಹ. ಅಲ್ಲಿ ಫೋನು, ಇಲ್ಲಿ ಭಾಷಣ. ನಮ್ಮ ಜನಸಂಖ್ಯೆ, ದುಡ್ಡು, ಆ ಕಾಲದ ತಂತ್ರಜ್ಞಾನ, ಕಾರಣ ಏನೇ ಇರಲಿ, ಮೇಲಿಂದ ಹೇಳೋದು, ಕೆಳಗಿಂದ ಕೇಳೋದು ಅನ್ನೋ ಅಭ್ಯಾಸ ನಮಗೆ ಹಾಗೇ ಅಂಟಿಕೊಳ್ತು ಅಂತ ನನ್ನ ಗುಮಾನಿ.

ಅಲಾಸ್ಕಾದವರು ಏನು ಮಾಡಿದ್ರು? 1975ರಲ್ಲಿ ರಾಜ್ಯದ ಶಾಸನಸಭೆ 50 ಲಕ್ಷ ಡಾಲರ್ ಎತ್ತಿಟ್ಟು ನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಸಣ್ಣ ಭೂಕೇಂದ್ರ ಹಾಕಿಸಿತು. ಊರಿಗೆಲ್ಲ ಫೋನ್ ಮಾಡೋಕೆ ಒಂದು ಲೈನು, ಆರೋಗ್ಯಕ್ಕೇ ಅಂತ ಇನ್ನೊಂದು. ಪ್ರಯೋಗ ಮುಗೀತು ಅಂತ ಗಂಟು ಕಟ್ಟಲಿಲ್ಲ.

ಇಲ್ಲಿ ನನ್ನೊಳಗಿನ ಬಿ.ಕಾಂ. ಹುಡುಗ ಸ್ವಲ್ಪ ಬಾಯಿ ಹಾಕ್ತಾನೆ, ಕ್ಷಮಿಸಿ. ಲೆಕ್ಕದ ಪುಸ್ತಕದಲ್ಲಿ ಟ್ಯಾಬ್ಲೆಟ್, ಕ್ಯಾಮೆರಾ, ಆಂಟೆನಾ ಎಲ್ಲ ಆಸ್ತಿ. ಬ್ಯಾಲೆನ್ಸ್ ಶೀಟಿನಲ್ಲಿ ಕೂರುತ್ತೆ, ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸ್ತಾರೆ, ಫೋಟೋ ಬರುತ್ತೆ. ತರಬೇತಿ ಮಾತ್ರ ಖರ್ಚು. ಆ ವರ್ಷವೇ ಬರೆದು ಮುಗಿಸ್ತೀವಿ. ಹತ್ತು ವರ್ಷ ರೋಗಿಗಳನ್ನ ನೋಡಿ ಪಳಗಿದ ನರ್ಸಮ್ಮನ ಅನುಭವ ಯಾವ ಕಾಲಂನಲ್ಲೂ ಇಲ್ಲ. ಟ್ಯಾಬ್ಲೆಟ್ ನಾಲ್ಕು ವರ್ಷದಲ್ಲಿ ಸವೆದು ಸೊನ್ನೆಯಾಗುತ್ತೆ, ಆಕೆಯ ಬೆಲೆ ವರ್ಷ ವರ್ಷ ಏರುತ್ತೆ. ಆದ್ರೂ ದುಡ್ಡು ಕಮ್ಮಿ ಬಿದ್ದಾಗ ಮೊದಲು ಕತ್ತರಿ ಬೀಳೋದು ಯಾವುದಕ್ಕೆ ಅಂತ ನಾನು ಹೇಳ್ಬೇಕಾ?

ಅಲಾಸ್ಕಾದ ಕಥೆಗೆ ಇನ್ನೊಂದು ಅಧ್ಯಾಯ ಇದೆ, ಬೇಗ ಹೇಳಿ ಮುಗಿಸ್ತೀನಿ. 2000ದ ಹೊತ್ತಿಗೆ ಹಳ್ಳಿ ಕ್ಲಿನಿಕ್ಕುಗಳಿಗೆ ಒಂದು ತಳ್ಳುಗಾಡಿ ಬಂತು. ಟಚ್ ಸ್ಕ್ರೀನ್, ಕ್ಯಾಮೆರಾ, ಇಸಿಜಿ, ಕಿವಿಯೊಳಗಿನ ಪರದೆಯ ಫೋಟೋ ತೆಗೆಯೋ ಉಪಕರಣ. ಹೆಲ್ತ್ ಏಡ್‌ಗಳು ಸುಲಭವಾಗಿ ಬಳಸೋ ಹಾಗೆ ಅದನ್ನ ರೂಪಿಸಿದ್ರು. ನೇರ ವಿಡಿಯೋ ಕಾಲ್ ಬೇಡ. ಮಗುವಿನ ಕಿವಿಯ ಫೋಟೋ ತೆಗೆದು, ತನ್ನ ಟಿಪ್ಪಣಿ ಬರೆದು ಕಳಿಸಿದ್ರೆ, ಸ್ಪೆಷಲಿಸ್ಟ್ ಬಿಡುವಾದಾಗ ನೋಡಿ ಉತ್ತರ ಬರೀತಾರೆ. ನೋಮ್ ಅನ್ನೋ ಊರಿನ ಸುತ್ತಲಿನ ಪ್ರದೇಶದ ಲೆಕ್ಕ 2010ರಲ್ಲಿ ಬಂತು. ಮುಂಚೆ ಕಿವಿ ಮೂಗು ಗಂಟಲು ಡಾಕ್ಟರನ್ನ ನೋಡೋಕೆ ಹೊಸ ರೋಗಿಗಳಲ್ಲಿ ಶೇ 47ರಷ್ಟು ಜನ ಐದು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಯ್ತಿದ್ರು. ಇದು ಬಂದ ಮೊದಲ ಮೂರು ವರ್ಷದಲ್ಲಿ ಅದು ಶೇ 8ಕ್ಕೆ ಇಳೀತು, ಆಮೇಲಿನ ಮೂರು ವರ್ಷದಲ್ಲಿ ಶೇ 3ಕ್ಕಿಂತ ಕೆಳಗೆ. ಮೂವತ್ತು ವರ್ಷ ಮಾತಲ್ಲೇ ಕಿವಿನೋವು ವಿವರಿಸಿ ಪಳಗಿದ್ದ ವ್ಯವಸ್ಥೆಗೆ ಯಂತ್ರ ಬಂದದ್ದು ಕೊನೆಗೆ. ಆ ಕ್ರಮ ಗಮನಿಸಿ.

ನಮ್ಮಲ್ಲಿ? ಸೈಟ್ ಮುಗಿದು ಇಪ್ಪತ್ತೈದು ವರ್ಷದ ಮೇಲೆ ಇಸ್ರೋ ಮತ್ತೆ ಆರೋಗ್ಯಕ್ಕೆ ಬಂತು, ಈ ಸಲ ಎರಡೂ ಕಡೆ ಮಾತಾಡೋ ಲೈನಿನ ಜೊತೆ. 2002ರ ಹೊತ್ತಿಗೆ ಚಾಮರಾಜನಗರದ ಜಿಲ್ಲಾಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಆಸ್ಪತ್ರೆ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಣೆಯಾದವು. ಎದೆನೋವು ಅಂತ ಬಂದವರ ಇಸಿಜಿ ಬೆಂಗಳೂರಿನ ತಜ್ಞರ ಮುಂದೆ. ದೇಶದ ಮೊದಮೊದಲ ಪ್ರಯತ್ನಗಳಲ್ಲಿ ಒಂದು, ನಮ್ಮ ಹೆಮ್ಮೆ. ಆದ್ರೆ ಅದು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋದ ಲೈನು. ಉಪಕೇಂದ್ರದ ನರ್ಸಮ್ಮ ಇನ್ನೂ ಚಿತ್ರದಲ್ಲಿ ಇಲ್ಲ.

ಅವರನ್ನ ಚಿತ್ರದೊಳಗೆ ತರೋ ಇನ್ನೊಂದು ಎಳೆ ಕರ್ನಾಟಕದಲ್ಲೇ ಇತ್ತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ತಂಡ ಪಿಎಚ್‌ಸಿ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸೋದು ಕಲಿಸಿತ್ತು. ಮುಂದೆ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದದ್ದು ಅದೇ ಮಾದರಿಯಿಂದ. ಆದ್ರೆ ಕೆಲವು ದಿನದ ಕ್ಲಾಸ್ ಮುಗಿಸಿ ಊರಿಗೆ ಹೋದವರಿಗೆ, ಮುಂದಿನ ಮಂಗಳವಾರ ಅನುಮಾನದ ಕೇಸ್ ಬಂದ್ರೆ ಕೇಳೋಕೆ ದಿನನಿತ್ಯದ ಲೈನ್ ಇರಲಿಲ್ಲ.

ಆ ಲೈನ್ ಬೇರೆ ಕಡೆಯಿಂದ ಬಂತು. ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಸಂಜೀವ್ ಅರೋರಾ ಅನ್ನೋ ಡಾಕ್ಟರ್ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಲಿವರ್ ತಜ್ಞ. ಹೆಪಟೈಟಿಸ್ ಸಿ ರೋಗಿಗಳು ಅವರನ್ನ ನೋಡೋಕೆ ಎಂಟು ತಿಂಗಳು ಕಾಯ್ತಿದ್ರು. 2003ರಲ್ಲಿ ಅವರು ಒಂದು ಕೆಲಸ ಮಾಡಿದ್ರು. ರೋಗಿಗಳನ್ನ ವಿಡಿಯೋದಲ್ಲಿ ನೋಡಲಿಲ್ಲ, ಹಳ್ಳಿ ಕ್ಲಿನಿಕ್ಕುಗಳ ಡಾಕ್ಟರು, ನರ್ಸುಗಳನ್ನ ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಿದ್ರು. ಒಬ್ಬರು ತಮ್ಮ ಕೇಸ್ ಹೇಳ್ತಾರೆ, ರೋಗಿಯ ಹೆಸರು ಹೇಳದೆ. ಉಳಿದವರು ಕೇಳ್ತಾರೆ, ಪ್ರಶ್ನೆ ಹಾಕ್ತಾರೆ, ತಜ್ಞರು ಕೊನೆಗೆ ಮಾತಾಡ್ತಾರೆ. ಹೆಸರು ‘ಎಕೋ’. 2011ರಲ್ಲಿ ಬಂದ ಫಲಿತಾಂಶ: ವಿಶ್ವವಿದ್ಯಾಲಯದ ತಜ್ಞರ ಕ್ಲಿನಿಕ್ಕಿನಲ್ಲಿ ಶೇ 57.5ರಷ್ಟು ರೋಗಿಗಳು ವೈರಸ್‌ನಿಂದ ಮುಕ್ತರಾದ್ರೆ, ಹಳ್ಳಿ ಮತ್ತು ಜೈಲು ಕ್ಲಿನಿಕ್ಕುಗಳಲ್ಲಿ ಶೇ 58.2. ಅಂದ್ರೆ ತಜ್ಞರಷ್ಟೇ ಚೆನ್ನಾಗಿ.

ಅಲಾಸ್ಕಾದ ಲೈನ್ ನೆನಪಾಯ್ತಾ? ಒಬ್ಬಳು ಮಾತಾಡ್ತಾಳೆ, ಹತ್ತು ಜನ ಕೇಳ್ತಾರೆ. ಅರೋರಾ ಅವರು ಅಲಾಸ್ಕಾದಿಂದ ಕಲಿತರು ಅಂತ ನಾನು ಹೇಳ್ತಿಲ್ಲ. ಆದ್ರೆ ಆ ರೇಡಿಯೋದಲ್ಲಿ ರೋಗಿ ಕಟ್ಟಿದ್ದ ಫೀಸು ಇಲ್ಲಿ ಮಾಫಿ ಆಗಿದೆ. ಕ್ಲಾಸ್ ಉಳೀತು, ಹೆಸರು ಹೋಯ್ತು.

2014ರಲ್ಲಿ ನಿಮ್ಹಾನ್ಸ್ ಈ ಎಕೋ ಮಾದರಿಯನ್ನ ಬೆಂಗಳೂರಿನಿಂದ ಶುರು ಮಾಡಿತು, ಮಾನಸಿಕ ಆರೋಗ್ಯ ಮತ್ತು ವ್ಯಸನದ ಚಿಕಿತ್ಸೆಗೆ. ಅದರ ಜೊತೆ ಇನ್ನೊಂದು ಪದ್ಧತಿಯನ್ನೂ ಬೆಳೆಸಿದ್ರು. ಪಿಎಚ್‌ಸಿ ಡಾಕ್ಟರ್ ತನ್ನ ಕೋಣೆಯಲ್ಲಿ ತನ್ನದೇ ರೋಗಿಯನ್ನ ನೋಡ್ತಿರುವಾಗ ನಿಮ್ಹಾನ್ಸ್ ಮನೋವೈದ್ಯರು ವಿಡಿಯೋದಲ್ಲಿ ಪಕ್ಕ ಕೂತ ಹಾಗೆ ಇರ್ತಾರೆ, ಕೇಸ್ ನೋಡ್ತಾ ನೋಡ್ತಾ ಕಲಿಸ್ತಾರೆ. ಸೈಕಲ್ ಕಲಿಸೋರು ಹಿಂದಿನ ಸೀಟ್ ಹಿಡ್ಕೊಂಡು ಓಡ್ತಾರಲ್ಲ, ಹಾಗೆ.

ಆಮೇಲಿನದು ನಿಮಗೂ ಗೊತ್ತು. ಕೇಂದ್ರ ಸರ್ಕಾರದ ಇ-ಸಂಜೀವಿನಿ 2019ರ ಕೊನೆಗೆ ಬಂತು. ಲಾಕ್‌ಡೌನ್ ಶುರುವಾದ ದಿನ, 2020ರ ಮಾರ್ಚ್ 25ಕ್ಕೆ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂತು. ಆರೋಗ್ಯ ಕಾರ್ಯಕರ್ತೆ ರೋಗಿಯ ಪರವಾಗಿ ಡಾಕ್ಟರನ್ನ ಸಂಪರ್ಕಿಸಬಹುದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಆನ್‌ಲೈನ್ ಚಿಕಿತ್ಸೆ ಕೊಡೋ ಡಾಕ್ಟರುಗಳು ಮೂರು ವರ್ಷದೊಳಗೆ ಒಂದು ಕೋರ್ಸ್ ಮಾಡ್ಬೇಕು ಅಂತಲೂ ಇದೆ. ನರ್ಸಿಂಗ್ ಓದಿ, ಆರು ತಿಂಗಳ ಸಮುದಾಯ ಆರೋಗ್ಯ ಸರ್ಟಿಫಿಕೇಟ್ ಪಡೆದ ಸಿಎಚ್‌ಒಗಳು ಆ ಹೊತ್ತಿಗೆ ಉಪಕೇಂದ್ರಗಳಲ್ಲಿ ಕೂತಿದ್ರು. ನಮ್ಮ ಸಿಸ್ಟರ್ ಥರದವರು. ಅಲಾಸ್ಕಾದ ಹೆಲ್ತ್ ಏಡ್‌ಗಿಂತ ಎಷ್ಟೋ ಹೆಚ್ಚು ಓದಿದವರು. ಅವರಿಗೆ ಕೊರತೆ ಬಿದ್ದದ್ದು ಓದು ಅಂತ ನನಗನ್ನಿಸಲ್ಲ. ಇವತ್ತು ಒಬ್ಬ ಡಾಕ್ಟರ್, ನಾಳೆ ಇನ್ನೊಬ್ಬರು. ಇವರು ಯಾರು, ಎಷ್ಟು ಗೊತ್ತು ಅಂತ ಅವರಿಗೆ ಗೊತ್ತಿಲ್ಲ. ಕಾಲ್ ಖಾಸಗಿ, ಅದು ಸರಿಯೇ. ಆದ್ರೆ ಪಕ್ಕದ ಊರಿನ ಸಿಸ್ಟರ್ ಹೇಗೆ ಕೇಸ್ ಹೇಳ್ತಾರೆ ಅಂತ ಕೇಳಿಸ್ಕೊಳ್ಳೋ ಕಿವಿಯೂ ಮುಚ್ಚಿತು.

ಈ ಎಪಿಸೋಡ್ ಬರೀತಾ ಸಿಸ್ಟರಿಗೆ ಫೋನ್ ಮಾಡಿದ್ದೆ. ಅಜ್ಜಿ ಗಾಯ ಈಗ ಮಾಯ್ದಿದೆ. ಅವತ್ತಿನ ಕಾಲ್ ಆದ್ಮೇಲೆ ಸಿಸ್ಟರ್ ತಾವೇ ತಾಲೂಕು ಆಸ್ಪತ್ರೆಗೆ ಚೀಟಿ ಬರೆದು ಕಳಿಸಿದ್ರು, ಬೆರಳಿಗೆ ಸ್ಪರ್ಶ ಕಮ್ಮಿ ಇದೆ ಅಂತ ಅದರಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ರು. ಅಲಾಸ್ಕಾ ಕಥೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾವೂ ಹಾಗೇ ಮಾಡ್ತೀವಿ” ಅಂದ್ರು. ಹೋಬಳಿಯ ಏಳೆಂಟು ಸಿಎಚ್‌ಒಗಳು ಸೇರಿ ವಾರಕ್ಕೆ ಎರಡು ದಿನ, ರಾತ್ರಿ ಅಡುಗೆ ಆದ್ಮೇಲೆ, ಫೋನಲ್ಲಿ ಗ್ರೂಪ್ ಕಾಲ್ ಹಾಕ್ತಾರಂತೆ. ಯಾರೂ ಹೇಳಿಕೊಟ್ಟದ್ದಲ್ಲ, ಯಾವ ರಿಜಿಸ್ಟರಿನಲ್ಲೂ ಬರಲ್ಲ. ರೋಗಿಯ ಹೆಸರು ಹೇಳೋ ಹಾಗಿಲ್ಲ, ವಯಸ್ಸು ಮತ್ತು ತೊಂದರೆ ಮಾತ್ರ. ಒಬ್ಬರಿಗೆ ಪರಿಚಯದ ಡಾಕ್ಟರ್ ಒಬ್ಬರು ಬಿಡುವಿದ್ದಾಗ ಸೇರ್ಕೊಳ್ತಾರೆ.

ನನಗೆ ತಡೀಲಿಲ್ಲ. ಒಂದ್ಸಲ ಮ್ಯೂಟ್ ಹಾಕ್ಕೊಂಡು ಕೂತ್ಕೊಳ್ಲಾ, ರೆಕಾರ್ಡ್ ಮಾಡಲ್ಲ, ಬರೀ ಕೇಳಿಸ್ಕೊಳ್ತೀನಿ ಅಂದೆ.

“ಬೇಡ” ಅಂದ್ರು. “ಅದು ಪೇಷಂಟ್‌ಗಳ ವಿಷಯ.”

ಸರಿ ಅಂದು ಫೋನ್ ಇಟ್ಟೆ. ಮುಂದಿನ ವಾರ ಸಿಗೋಣ.